ನೋವಿನ ಅಂಕಿಯಾಚೆ: ಸಡಿಲ ಕೀಲುಗಳ ಪುನಶ್ಚೇತನದಲ್ಲಿ ವೈದ್ಯಕೀಯ ಗಾಂಜಾ

ಚರ್ಮ, ಕೀಲು, ರಕ್ತನಾಳ, ಕರುಳುಗಳಿಗೆ ಆಕಾರವನ್ನೂ ಬಿಗಿಯನ್ನೂ ಕೊಡುವ ಸಂಯೋಜಕ ಅಂಗಾಂಶದಲ್ಲಿ ಹುಟ್ಟಿನಿಂದಲೇ ದೋಷವಿರುವ ಕಾಯಿಲೆಗಳ ಪೈಕಿ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಎಂಬ ಗುಂಪು ಮುಖ್ಯವಾದುದು. 2017ರ ಅಂತರರಾಷ್ಟ್ರೀಯ ವರ್ಗೀಕರಣವು ಅದರಲ್ಲಿ 13 ಬಗೆಗಳನ್ನು ಗುರುತಿಸಿತು. ಅವುಗಳಲ್ಲಿ ಅತಿ ಹೆಚ್ಚು ಜನರನ್ನು ಕಾಡುವ, ಕೀಲುಗಳು ಮಿತಿ ಮೀರಿ ಬಾಗುವ ಬಗೆಯ ಕಾರಣ ವಂಶವಾಹಿಯ ಮಟ್ಟದಲ್ಲಿ ಖಚಿತವಾಗದೆ ಉಳಿದಿರುವುದರಿಂದ, ರೋಗವನ್ನು ರಕ್ತಪರೀಕ್ಷೆಯಿಂದಲ್ಲದೆ ವೈದ್ಯರು ಕೈಯಿಂದ ಮುಟ್ಟಿ, ಕೀಲುಗಳನ್ನು ಬಾಗಿಸಿ ನೋಡಿಯೇ ನಿರ್ಣಯಿಸಬೇಕಾಗುತ್ತದೆ. ವರ್ಷಗಟ್ಟಲೆ ತಮ್ಮ ನೋವನ್ನು ಯಾರೂ ನಂಬದೆ ಹೋದ ರೋಗಿಗಳು ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಗಾಂಜಾದತ್ತ ಹೊರಳಿರುವುದನ್ನು ಚಟವೆಂದು ತಳ್ಳಿಹಾಕುವುದು ಅನ್ಯಾಯ. ಅಫೀಮು ಮೂಲದ ನೋವುನಿವಾರಕಗಳು ಮೊದಲೇ ಮಂದವಾದ ಅವರ ಕರುಳನ್ನು ಇನ್ನಷ್ಟು ಮಂದಗೊಳಿಸುವುದರಿಂದ, ಪರ್ಯಾಯದ ಹುಡುಕಾಟ ಅವರ ಮಟ್ಟಿಗೆ ಅನಿವಾರ್ಯವೇ ಆಗಿದೆ.

ಆದರೆ ಗಾಂಜಾ ಚಿಕಿತ್ಸೆಯನ್ನು ಯಾವ ಅಳತೆಗೋಲಿನಿಂದ ಅಳೆಯಲಾಗುತ್ತಿದೆ ಎಂಬಲ್ಲಿ ಗಂಭೀರವಾದ ಲೋಪವಿದೆ. ಸಡಿಲ ಕೀಲುಗಳ ಪುನಶ್ಚೇತನವೆಂದರೆ ಅಸ್ಥಿರಜ್ಜುಗಳು ಮಾಡಲಾರದ ಕೆಲಸವನ್ನು ಸುತ್ತಲಿನ ಸ್ನಾಯುಗಳಿಗೆ ಕಲಿಸುವುದು, ಮತ್ತು ಕಣ್ಣು ಮುಚ್ಚಿಕೊಂಡರೂ ಕೈಕಾಲು ಎಲ್ಲಿವೆಯೆಂದು ತಿಳಿಸುವ ಅಂಗಸ್ಥಿತಿಪ್ರಜ್ಞೆಯನ್ನು ನಿಧಾನವಾಗಿ ಹರಿತಗೊಳಿಸುವುದು. ನೋವು ಈ ವ್ಯಾಯಾಮಕ್ಕೆ ಅಡ್ಡಿಯಾಗುವುದರಿಂದ, ಗಾಂಜಾ ನೋವನ್ನು ತಗ್ಗಿಸಿದರೆ ವ್ಯಾಯಾಮ ಸಾಧ್ಯವಾಗುತ್ತದೆ, ವ್ಯಾಯಾಮದಿಂದ ಚಲನಶಕ್ತಿ ಮರಳುತ್ತದೆ ಎಂಬುದು ಅದರ ಪರವಾದ ವಾದ. ವಾದ ಸಮಂಜಸವಾಗಿಯೇ ಇದೆ. ಆದರೆ ಬೇರೆ ಬೇರೆ ದೀರ್ಘಕಾಲಿಕ ನೋವುಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹುಸಿಮದ್ದು ಪಡೆದವರಿಗಿಂತ ಗಾಂಜಾಮೂಲದ ಔಷಧ ಪಡೆದವರಲ್ಲಿ ಗಮನಾರ್ಹವಾಗಿ ನೋವು ತಗ್ಗಿದವರ ಪಾಲು ಸುಮಾರು ಶೇ. 10ರಷ್ಟು ಹೆಚ್ಚಿದ್ದರೆ, ದೈಹಿಕ ಕಾರ್ಯಶಕ್ತಿ ಸುಧಾರಿಸಿದವರ ಪಾಲು ಸುಮಾರು ಶೇ. 4ರಷ್ಟು ಮಾತ್ರ ಹೆಚ್ಚಿತ್ತು. ನೋವು ಇಳಿದರೆ ಚಲನೆ ತಾನಾಗಿಯೇ ಹಿಂಬಾಲಿಸುತ್ತದೆ ಎಂಬ ನಂಬಿಕೆಯನ್ನು ಈ ಅಂತರ ಸಡಿಲಗೊಳಿಸುತ್ತದೆ. ಬ್ರಿಟನ್ನಿನಲ್ಲಿ 2018ರ ನವೆಂಬರ್‌ನಿಂದ ತಜ್ಞ ವೈದ್ಯರು ಗಾಂಜಾವನ್ನು ಬರೆದುಕೊಡಬಹುದಾದರೂ, ಅಲ್ಲಿ ಚಿಕಿತ್ಸಾ ಸಲಹೆಗಳನ್ನು ರೂಪಿಸುವ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ದೀರ್ಘಕಾಲಿಕ ನೋವಿಗೆ ಅದನ್ನು ಶಿಫಾರಸು ಮಾಡದಿರುವುದರಿಂದ, ಅದು ಬಹುಪಾಲು ಖಾಸಗಿ ಕ್ಲಿನಿಕ್‌ಗಳ ಮೂಲಕವೇ ಸಿಗುತ್ತದೆ. ಹಣ ತೆತ್ತು, ಭರವಸೆಯಿಟ್ಟು ಬಂದವರು ತುಂಬುವ ಪ್ರಶ್ನಾವಳಿಗಳಲ್ಲಿ ಹೋಲಿಕೆಯ ಗುಂಪಿಲ್ಲದಿದ್ದರೆ, ಔಷಧದ ಗುಣವನ್ನು ನಿರೀಕ್ಷೆಯ ಗುಣದಿಂದ ಬೇರ್ಪಡಿಸಲಾಗದು.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ರೋಗದ ದೇಹ ಬೇರೆ ನೋವಿನ ದೇಹಗಳಂತಲ್ಲ. ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ಹೃದಯಬಡಿತವನ್ನು ಏರಿಸುತ್ತದೆ, ಎದ್ದು ನಿಂತಾಗ ರಕ್ತದೊತ್ತಡವನ್ನು ಇಳಿಸಬಲ್ಲದು. ಕೀಲುಗಳು ಮಿತಿ ಮೀರಿ ಬಾಗುವ ರೋಗಿಗಳಲ್ಲಿ ಅನೇಕರಿಗೆ ನಿಂತೊಡನೆ ಎದೆಬಡಿತ ಜೋರಾಗಿ ತಲೆ ಸುತ್ತುವ ಪಾಟ್ಸ್ ಎಂಬ ತೊಂದರೆ ಮೊದಲೇ ಇರುತ್ತದೆ. ಅದೇ ಅಂಶ ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಗೊಳಿಸುತ್ತದೆ, ಸಮತೋಲನವನ್ನೂ ಅಂಗಗಳ ಹೊಂದಾಣಿಕೆಯನ್ನೂ ಕೆಡಿಸುತ್ತದೆ. ಅಂದರೆ ಪುನಶ್ಚೇತನ ಯಾವುದನ್ನು ಕಟ್ಟಲು ಹೆಣಗುತ್ತದೋ ಅದನ್ನೇ, ಪ್ರಮಾಣ ತಪ್ಪಿದರೆ, ಔಷಧ ಕೆಡವುತ್ತದೆ. ಇದಲ್ಲದೆ, ಭುಜದ ಕೀಲು ಜಾರುವ ಮುನ್ನ ಎಚ್ಚರಿಸುವ ನೋವು ರೋಗಿಗೆ ಶತ್ರುವಲ್ಲ. ಆ ಎಚ್ಚರಿಕೆ ಮಂಕಾದ ಸ್ಥಿತಿಯಲ್ಲಿ ಭಾರ ಎತ್ತಿಸುವುದು ಅಪಾಯಕರ. ರಕ್ತನಾಳಗಳೇ ಹರಿಯುವ ಭೀತಿಯಿರುವ ನಾಳೀಯ ಬಗೆಯ ರೋಗಿಗಳಿಗೆ ಹೃದಯವನ್ನು ಓಡಿಸುವ ಯಾವುದೇ ವಸ್ತುವನ್ನು ಲಘುವಾಗಿ ಸೂಚಿಸಲಾಗದು.

ಹಾಗೆಂದು ಗಾಂಜಾಕ್ಕೆ ಇಲ್ಲಿ ಸ್ಥಾನವೇ ಇಲ್ಲವೆಂದಲ್ಲ. ರಾತ್ರಿಯ ನೋವಿನಿಂದ ನಿದ್ದೆಗೆಟ್ಟವರು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಮಲಗುವ ಮುನ್ನ ಮಾತ್ರ ತೆಗೆದುಕೊಂಡು, ಅಮಲಿನ ಲೇಶವೂ ಇಲ್ಲದ ಬೆಳಗಿನಲ್ಲಿ ವ್ಯಾಯಾಮ ಮಾಡುವ ಕ್ರಮ ಪರೀಕ್ಷಿಸಲು ಯೋಗ್ಯವಾದುದು. ಅದಕ್ಕೆ ಔಷಧ ಬರೆಯುವವರೂ ಫಿಸಿಯೋಥೆರಪಿಸ್ಟರೂ ಒಂದೇ ಕಡತವನ್ನು ನೋಡುವಂತಿರಬೇಕು.

ಭಾರತದಲ್ಲಿ ಇಂಥ ಅಳತೆಯ, ಹೊಂದಾಣಿಕೆಯ ಕೊರತೆ ಇನ್ನೂ ತೀವ್ರವಾಗಿದೆ. 1839ರಲ್ಲೇ ಕಲ್ಕತ್ತೆಯಲ್ಲಿ ಒಷಾಗ್ನೆಸಿ ಎಂಬ ವೈದ್ಯರು ಸಂಧಿವಾತದ ರೋಗಿಗಳ ಮೇಲೆ ಗಾಂಜಾದ ಪ್ರಯೋಗ ನಡೆಸಿ ವರದಿ ಮಾಡಿದ್ದ ದೇಶವಿದು. 1985ರ ಮಾದಕವಸ್ತು ಕಾಯ್ದೆ ಹೂತುದಿಯನ್ನೂ ಅಂಟನ್ನೂ ನಿಷೇಧಿಸಿ ಎಲೆಯನ್ನು ಹೊರಗಿಟ್ಟ ಕಾರಣ, ಎಲೆಯಿಂದ ತೆಗೆದ ಎಣ್ಣೆಗಳು ಆಯುರ್ವೇದದ ವಿಜಯಾ ಎಂಬ ಹೆಸರಿನಲ್ಲಿ ಬೆಂಗಳೂರಿನಂಥ ನಗರಗಳ ರೋಗಿಗಳಿಗೂ ಆನ್‌ಲೈನ್ ಸಮಾಲೋಚನೆಯ ಮೂಲಕ ತಲುಪುತ್ತಿವೆ. ಎಲೆಯಿಂದ ಬಂದದ್ದೆಂದ ಮಾತ್ರಕ್ಕೆ ಅದರಲ್ಲಿ ಟಿಎಚ್‌ಸಿ ಇಲ್ಲವೆಂದಾಗದು. ಆದ್ದರಿಂದ ಸಡಿಲ ಕೀಲುಗಳ ರೋಗಿಯೊಬ್ಬರಿಗೆ ಇಂಥ ಎಣ್ಣೆಯನ್ನು ಬರೆದುಕೊಡುವ ಮುನ್ನ ಮಲಗಿದ್ದಾಗಲೂ ನಿಂತಾಗಲೂ ನಾಡಿಬಡಿತ ಎಣಿಸಿ ನೋಡುವುದು, ಕುರ್ಚಿಯಿಂದ ಎಷ್ಟು ಬಾರಿ ಏಳಬಲ್ಲರು, ತಿಂಗಳಲ್ಲಿ ಎಷ್ಟು ಸಲ ಕೀಲು ಜಾರಿತು ಎಂಬುದನ್ನು ದಾಖಲಿಸುವುದು, ಮೂರು ತಿಂಗಳ ಬಳಿಕ ಅದೇ ಲೆಕ್ಕವನ್ನು ಮತ್ತೆ ತೆಗೆದು ಸುಧಾರಣೆ ಕಾಣದಿದ್ದರೆ ಔಷಧವನ್ನು ಹಂತಹಂತವಾಗಿ ನಿಲ್ಲಿಸುವುದು ವೈದ್ಯರ ಕನಿಷ್ಠ ಕರ್ತವ್ಯ; ಇವಕ್ಕೆ ಬೇಕಾದುದು ಒಂದು ಗಡಿಯಾರ ಮತ್ತು ಒಂದು ಕುರ್ಚಿ ಮಾತ್ರ.