‘ಎಮಿಲನೂ ಪತ್ತೇದಾರರೂ’: ಬಾಲಕಥೆಯಲ್ಲಿ ಪ್ರಮಾಣವಿಚಾರ

ಪತ್ತೇದಾರಿ ಕಾದಂಬರಿಯನ್ನು ಪಂಡಿತರು ವಿಮರ್ಶಾರ್ಹವೆಂದು ಎಣಿಸುವುದು ವಿರಳ. ಅದು ಬಾಲಕರಿಗಾಗಿ ಬರೆದುದಾದರೆ ಅದರ ಹೆಸರನ್ನೆತ್ತುವವರೂ ಇಲ್ಲ. ಈ ಉಪೇಕ್ಷೆ ಯಾವಾಗಲೂ ನ್ಯಾಯವಲ್ಲವೆಂಬುದಕ್ಕೆ ಜರ್ಮನ್ ಗ್ರಂಥಕರ್ತನಾದ ಎರಿಕ್ ಕೆಸ್ಟ್ನರನು 1929ರಲ್ಲಿ ಪ್ರಕಟಿಸಿದ ‘ಎಮಿಲನೂ ಪತ್ತೇದಾರರೂ’ ಎಂಬ ಕೃತಿಯೇ ನಿದರ್ಶನ.

ಕಥಾವಸ್ತು ಸರಳವಾದುದು. ನೋಯ್‌ಷ್ಟಾಟ್ ಎಂಬ ಊರಿನಲ್ಲಿ ಕೇಶಾಲಂಕಾರದ ಕೆಲಸದಿಂದ ಜೀವಿಸುವ ವಿಧವೆಯೊಬ್ಬಳು ಮಗನಾದ ಎಮಿಲನ ಕೈಯಲ್ಲಿ 140 ಮಾರ್ಕುಗಳನ್ನಿತ್ತು, ಬರ್ಲಿನ್ನಿನ ಅಜ್ಜಿಯ ಮನೆಗೆ ಕಳುಹಿಸುತ್ತಾಳೆ. ತಾಯಿಯ ದುಡಿಮೆಯ ಬೆಲೆಯನ್ನು ಬಲ್ಲ ಹುಡುಗನು ಆ ನೋಟುಗಳನ್ನು ಅಂಗಿಯೊಳಗೆ ಗುಂಡುಸೂಜಿಯಿಂದ ಚುಚ್ಚಿ ಭದ್ರಪಡಿಸುತ್ತಾನೆ. ಆದರೂ ರೈಲಿನಲ್ಲಿ ಅವನು ನಿದ್ರಿಸಿದಾಗ ಗ್ರುಂಡೈಸನೆಂಬ ಸಹಪ್ರಯಾಣಿಕನು ಅವನ್ನು ಅಪಹರಿಸುವನು. ಹಿಂದೆ ತನ್ನೂರಿನ ಪ್ರತಿಮೆಗೆ ಬಣ್ಣ ಬಳಿದಿದ್ದ ಎಮಿಲನಿಗೆ ಪೊಲೀಸರ ಬಳಿಗೆ ಹೋಗಲು ಅಂಜಿಕೆ. ನಗರದ ಬಾಲಕರೇ ಅವನಿಗೆ ನೆರವಾಗುತ್ತಾರೆ.

ಕಳ್ಳನಾರೆಂಬುದು ಓದುಗನಿಗೆ ಮೊದಲೇ ಗೊತ್ತು. ಹಾಗಾದರೆ ಕುತೂಹಲಕ್ಕೆ ಆಸ್ಪದವೆಲ್ಲಿ? ತಿಳಿದುದನ್ನು ಸಿದ್ಧಪಡಿಸುವುದು ಹೇಗೆಂಬಲ್ಲಿ. ಕದ್ದವನಿಂದ ಹಣವನ್ನು ಗುಟ್ಟಾಗಿ ಮರಳಿ ಕದಿಯಬಹುದೆ ಎಂಬ ಚರ್ಚೆ ಬಾಲಕರಲ್ಲಿ ಹುಟ್ಟುತ್ತದೆ. ಹಾಗೆ ಮಾಡಿದವನೂ ಕಳ್ಳನೇ ಎಂದು ‘ಪ್ರೊಫೆಸರ್’ ಎಂಬ ಅಡ್ಡಹೆಸರಿನ ಹುಡುಗನು ವಾದಿಸುವನು. ಕೊನೆಗೆ ಬ್ಯಾಂಕಿನಲ್ಲಿ, ನೋಟುಗಳಲ್ಲಿನ ಸೂಜಿಯ ರಂಧ್ರಗಳೇ ಎಮಿಲನ ಪಕ್ಷದ ಪ್ರಮಾಣವಾಗುತ್ತವೆ. ಇಲ್ಲಿ ಅಪರಾಧವನ್ನು ಬಯಲಿಗೆಳೆಯುವುದು ಷರ್ಲಾಕ್ ಹೋಮ್ಸನಂತಹ ಅಸಾಧಾರಣ ಪ್ರತಿಭೆಯಲ್ಲ, ಬಡತನವು ಕಲಿಸಿದ ಜಾಗರೂಕತೆ. ಕಥೆಯ ಔಚಿತ್ಯವೆಲ್ಲ ಈ ಒಂದು ಸೂಜಿಯ ಮೊನೆಯಲ್ಲಿ ನಿಂತಿದೆ.

ಒಬ್ಬನನ್ನು ನೂರಾರು ಬಾಲಕರು ಸುತ್ತುವರಿಯುವ ದೃಶ್ಯವು ಭಯಾನಕವಾಗಬಹುದಾಗಿತ್ತು. ಆದರೆ ಅವರು ಕಳ್ಳನನ್ನು ಹೊಡೆಯುವುದಿಲ್ಲ, ಪ್ರಮಾಣವನ್ನು ಕಾಯುತ್ತಾರೆ. 1933ರ ಮೇ 10ರಂದು ಅದೇ ಬರ್ಲಿನ್ನಿನಲ್ಲಿ ಬೇರೊಂದು ಗುಂಪು ಕೆಸ್ಟ್ನರನ ಗ್ರಂಥಗಳನ್ನು ಬೆಂಕಿಗೆ ಹಾಕಿತು. ಅವನು ಅದನ್ನು ಕಣ್ಣಾರೆ ಕಂಡನು. ಈ ಎರಡು ಗುಂಪುಗಳ ಅಂತರವನ್ನು ಅರಿತವನಿಗೆ ಕಥೆಯು ಬರಿಯ ವಿನೋದವಾಗಿ ಉಳಿಯಲಾರದು.

ದೋಷಗಳಿಲ್ಲವೆಂದಲ್ಲ. ಕಳ್ಳನು ಬ್ಯಾಂಕನ್ನು ದೋಚಿದವನೂ ಆಗಿದ್ದು, ಎಮಿಲನಿಗೆ 1000 ಮಾರ್ಕುಗಳ ಬಹುಮಾನ ದೊರೆಯುವುದು ಆಕಸ್ಮಿಕದ ಮೇಲೆ ಇಟ್ಟ ಅತಿಭಾರ. ನ್ಯಾಯವು ತಾನೇ ಫಲವಾಗಿರಬೇಕಾದಲ್ಲಿ ಅದಕ್ಕೆ ಕೂಲಿ ಕೊಟ್ಟಂತಾಗಿದೆ. ಚುರುಕುಮಾತಿನ ಪೋನಿ ಎಂಬ ಹುಡುಗಿಗೆ ಉಪಾಹಾರ ಒದಗಿಸುವುದಕ್ಕಿಂತ ಹೆಚ್ಚಿನ ಪಾತ್ರವಿಲ್ಲ. ಆದರೆ ಮೊದಲನೆಯ ದೋಷಕ್ಕೆ ಗ್ರಂಥಕರ್ತನೇ ಪರಿಹಾರವನ್ನು ಸೂಚಿಸಿರುವನು. ಬೆನ್ನಟ್ಟುವ ಸಂಭ್ರಮವನ್ನು ಬಿಟ್ಟು, ಒಪ್ಪಿಕೊಂಡ ಕರ್ತವ್ಯಕ್ಕಾಗಿ ಮನೆಯ ಟೆಲಿಫೋನಿನ ಬಳಿಯಲ್ಲಿಯೇ ಕುಳಿತ ಪುಟ್ಟ ದೀನ್ಸ್‌ಟಾಗನನ್ನು ಅಜ್ಜಿಯು ಕಡೆಯಲ್ಲಿ ವಿಶೇಷವಾಗಿ ಹೊಗಳುತ್ತಾಳೆ. ಬಹುಮಾನವಿಲ್ಲದ ಆ ನಿಷ್ಠೆಗೆ ಸಂದ ಗೌರವವೇ ಕೃತಿಯ ನಿಜವಾದ ಮುಕ್ತಾಯ.