ಧಾಟಿ ಬರೆದಿಡದ ಹಾಡುಗಳು

ಶ್ರೀಗಂಧದ ಕಾವಲಿನಿಂದ ಸುಂಕದಕಟ್ಟೆಗೆ ಬಂದು ಮಾಗಡಿ ರಸ್ತೆ ಸೇರಿದರೆ ಎಡಕ್ಕೆ ಮಾಗಡಿ, ಬಲಕ್ಕೆ ಮೆಜೆಸ್ಟಿಕ್. ಕವಿ ಸಿದ್ಧಲಿಂಗಯ್ಯನವರ ಬದುಕು ಹೆಚ್ಚುಕಡಿಮೆ ಈ ಒಂದು ರಸ್ತೆಯ ಆಸುಪಾಸಿನಲ್ಲೇ ನಡೆದುಹೋಯಿತು. 1954ರಲ್ಲಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದ ಮನೆಯವರು ಸೇರಿದ್ದು ಶ್ರೀರಾಮಪುರದ ಕೊಳೆಗೇರಿಯನ್ನು. ಹುಡುಗ ಓದಿದ್ದು ಗೋಪಾಲಪುರದ ಹಾಸ್ಟೆಲಿನಲ್ಲಿದ್ದುಕೊಂಡು. ಮುಂದೆ ಮೇಷ್ಟರಾದದ್ದು ಜ್ಞಾನಭಾರತಿಯಲ್ಲಿ. 2021ರ ಜೂನ್ 11ರಂದು ಕೊರೊನಾ ಅವರನ್ನು ಕೊಂಡೊಯ್ದಾಗ ಅಂತ್ಯಸಂಸ್ಕಾರ ಆದದ್ದೂ ನಮಗೆ ಹತ್ತಿರದ ಕಲಾಗ್ರಾಮದಲ್ಲಿ, ಅವರ ಗುರು ಜಿ.ಎಸ್. ಶಿವರುದ್ರಪ್ಪನವರ ಮತ್ತು ಯು.ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆದ ಅದೇ ಆವರಣದಲ್ಲಿ.

ಅವರನ್ನು ನೆನೆದಾಗಲೆಲ್ಲ ನನಗೆ ಉಕ್ರೇನಿನ ತಾರಸ್ ಶೆವ್ಚೆಂಕೊ ನೆನಪಾಗುತ್ತಾನೆ. 1814ರಲ್ಲಿ ಜೀತದ ಮನೆಯಲ್ಲಿ ಹುಟ್ಟಿದವನು. ಚಿತ್ರ ಬರೆಯುವ ಕೈ ನೋಡಿ ಮೆಚ್ಚಿದ ಕಲಾವಿದರು ಒಂದು ಭಾವಚಿತ್ರವನ್ನು ಲಾಟರಿಗಿಟ್ಟು, ಬಂದ ಹಣದಲ್ಲಿ 2,500 ರೂಬಲ್ ಕೊಟ್ಟು 1838ರಲ್ಲಿ ಅವನನ್ನು ಒಡೆಯನಿಂದ ಬಿಡಿಸಿಕೊಂಡರು. ಎರಡು ವರ್ಷಕ್ಕೆ ಮೊದಲ ಸಂಕಲನ ಬಂತು. ಹೆಸರು ‘ಕೊಬ್ಜಾರ್’, ಅಂದರೆ ತಂತಿವಾದ್ಯ ಹಿಡಿದು ಊರೂರು ಹಾಡಿಕೊಂಡು ಹೋಗುವವನು. 1847ರಲ್ಲಿ ಬಂಧನ, ಸಿಪಾಯಿಯಾಗಿ ಗಡೀಪಾರು. ಬರೆಯಕೂಡದು, ಚಿತ್ರ ಬಿಡಿಸಕೂಡದು ಎಂದು ಚಕ್ರವರ್ತಿ ಸ್ವತಃ ಷರಾ ಹಾಕಿದ. ಕವಿ ಪುಟ್ಟ ಪುಟ್ಟ ಪುಸ್ತಕ ಹೊಲಿದುಕೊಂಡು, ಬೂಟಿನೊಳಗೆ ಬಚ್ಚಿಟ್ಟುಕೊಂಡು ಬರೆದ. 2022ರ ಯುದ್ಧದಲ್ಲಿ ಖಾರ್ಕಿವ್ ನಗರದವರು ಅವನ ಪ್ರತಿಮೆಯ ಸುತ್ತ ಮರಳು ಚೀಲ ಪೇರಿಸಿ ಕಾಪಾಡಿಕೊಂಡರು.

ಹುಟ್ಟಿನಿಂದಲೇ ಮನುಷ್ಯರ ಲೆಕ್ಕದಿಂದ ಹೊರಗಿಟ್ಟ ಜನರೊಳಗಿಂದ ಬಂದು, ಆ ಜನರ ಬಾಯಲ್ಲಿದ್ದ ಭಾಷೆಯನ್ನೇ ಕಾವ್ಯದ ಭಾಷೆ ಮಾಡಿದವರು ಇಬ್ಬರೂ. ಇಬ್ಬರೂ ತಮ್ಮ ಮೊದಲ ಪುಸ್ತಕಕ್ಕೆ ಹಾಡಿಗೆ ಸಂಬಂಧಿಸಿದ ಹೆಸರನ್ನೇ ಇಟ್ಟರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಅದಕ್ಕೆ ಎರಡು ವರ್ಷದ ಹಿಂದೆ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಸಚಿವ ಬಿ. ಬಸವಲಿಂಗಪ್ಪನವರು ಆಡಿದ ಮಾತಿಗೆ ನಾಡು ಹೊತ್ತಿಕೊಂಡಿತ್ತು, ಅವರು ಕುರ್ಚಿ ಬಿಡಬೇಕಾಯಿತು. ಆ ಮಾತನ್ನು ವಾದದಿಂದ ಸಮರ್ಥಿಸಿದವರು ಹಲವರಿದ್ದಾರೆ. ಸಿದ್ಧಲಿಂಗಯ್ಯ ಬೂಸಾ ಅಲ್ಲದ್ದು ಹೇಗಿರುತ್ತದೆ ಎಂದು ಬರೆದೇ ತೋರಿಸಿದರು.

ಆ ಸಂಕಲನದ ಅತಿ ಹೆಸರಾದ ಪದ್ಯವನ್ನು ಇಂದಿಗೂ ಎಷ್ಟೋ ಜನ ಬರೀ ಬೈಗುಳ ಎಂದು ಓದುತ್ತಾರೆ. ಅದರ ವ್ಯಾಕರಣ ಕೇಳಿಸಿಕೊಳ್ಳಬೇಕು. ಮಾಗಡಿ, ರಾಮನಗರದ ಕಡೆ ಕ್ರಿಯಾಪದದ ಬಾಲಕ್ಕೆ ಅಂಟುವ ‘ಲಾ’ ಇದೆಯಲ್ಲ, ಅದು ಓರಗೆಯವರ ನಡುವೆ ಸಲಿಗೆ. ಗೌಡ ಆಳಿಗೆ ಅಂದಾಗ ಚಾವಟಿ. ತಲೆಮಾರುಗಟ್ಟಲೆ ಮೇಲಿನಿಂದ ಕೆಳಕ್ಕೆ ಬಿದ್ದ ಆ ಆಜ್ಞಾರ್ಥಕ ರೂಪಗಳನ್ನು ಕವಿ ಹಾಗೇ ಎತ್ತಿಕೊಂಡು, ಅವು ಬಂದ ದಿಕ್ಕಿಗೇ ತಿರುಗಿಸಿದರು. ಒಂದು ಹೊಸ ಪದ ಟಂಕಿಸಲಿಲ್ಲ, ಒಂದು ಪ್ರತಿಮೆ ಕಟ್ಟಲಿಲ್ಲ. ನವ್ಯರು ಪ್ರತಿಮೆಗಳಲ್ಲಿ ಮುಳುಗಿದ್ದ ಕಾಲದಲ್ಲಿ ಬರೀ ಪ್ರತ್ಯಯದ ದಿಕ್ಕು ಬದಲಿಸಿ ಪದ್ಯ ಮಾಡಿದ್ದು ಸಣ್ಣ ಕಸುಬುಗಾರಿಕೆಯಲ್ಲ.

ಎಲ್ಲ ಪದ್ಯಗಳೂ ಈ ಮಟ್ಟದವಲ್ಲ. ‘ಸಾವಿರಾರು ನದಿಗಳು’ (1979) ಸಂಕಲನದ ಶೀರ್ಷಿಕೆ ಪದ್ಯದಲ್ಲಿ ಜನ ನಡೆದು ಬರುವುದಕ್ಕೂ ಸಾಲು ನಡೆಯುವುದಕ್ಕೂ ಒಂದೇ ಹೆಜ್ಜೆ, ಅದು ದೊಡ್ಡ ಪದ್ಯ. ಅದರ ಅಕ್ಕಪಕ್ಕದಲ್ಲೇ ಮೆರವಣಿಗೆ ಮುಗಿದ ಮೇಲೆ ಕಾಗದದ ಮೇಲೆ ನಿಲ್ಲಲಾರದ ಪದ್ಯಗಳೂ ಇವೆ. ಇದನ್ನು ಅವರ ಅಭಿಮಾನಿಗಳು ಒಪ್ಪುವುದಿಲ್ಲ. ಒಪ್ಪಿದರೆ ಕವಿಗೆ ನಷ್ಟವೇನೂ ಇಲ್ಲ. ದಲಿತ ಸಂಘರ್ಷ ಸಮಿತಿಯ ಆ ವರ್ಷಗಳಲ್ಲಿ ಓದು ಬಾರದ ಸಾವಿರಾರು ಜನರ ಬಾಯಿಗೆ ದಕ್ಕಬೇಕಿದ್ದ ಸಾಲುಗಳವು. ಆ ಕೆಲಸವನ್ನು ಅವು ಮಾಡಿದವು.

ಆದರೆ ಅವರನ್ನು ಬೆಂಕಿಯ ಕವಿ ಎಂದು ಕರೆದು ಅಲ್ಲಿಗೇ ನಿಲ್ಲಿಸುವುದನ್ನು ನಾನು ಒಪ್ಪಲಾರೆ. ನನ್ನ ಲೆಕ್ಕದಲ್ಲಿ ಅವರ ಶ್ರೇಷ್ಠ ಕೃತಿ ‘ಊರು ಕೇರಿ’ ಆತ್ಮಕಥೆಯ ಮೊದಲ ಭಾಗ. ಅದರ ಆರಂಭದಲ್ಲೇ ಒಂದು ಹೊಲ ಬರುತ್ತದೆ. ಎತ್ತುಗಳಿರಬೇಕಾದ ಕಡೆ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ನೇಗಿಲು ಹಿಡಿದವನೊಬ್ಬ. ನೊಗ ಹೊತ್ತ ಇಬ್ಬರಲ್ಲಿ ಒಬ್ಬ ಆ ಹುಡುಗನ ಅಪ್ಪ. ಬೇರೆ ಯಾರ ಕೈಯಲ್ಲಾದರೂ ಇಲ್ಲಿ ಒಂದು ಪುಟ ಕಣ್ಣೀರು ಬರುತ್ತಿತ್ತು. ಸಿದ್ಧಲಿಂಗಯ್ಯ ಮಗುವಿನ ಕಣ್ಣನ್ನು ಬಿಟ್ಟುಕೊಡುವುದಿಲ್ಲ. ಮಗು ನೋಡಿದಷ್ಟನ್ನೇ ಹೇಳಿ ಮುಂದೆ ಹೋಗುತ್ತಾರೆ. ಮೊದಲ ಸಲ ಓದಿದಾಗ ನಾನು ಆ ಪುಟವನ್ನು ಸಲೀಸಾಗಿ ದಾಟಿಬಿಟ್ಟಿದ್ದೆ. ನಾಲ್ಕು ಪುಟ ಆದಮೇಲೆ ಏನು ಓದಿದೆನೆಂದು ಅರಿವಾಗಿ ಹಿಂದಕ್ಕೆ ತಿರುವಿದೆ.

ಪುಸ್ತಕದ ತುಂಬ ನಗು. ಹಾಸ್ಟೆಲಿನ ಹಸಿವು ನಗುತ್ತದೆ, ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿದ್ದು ನಗುತ್ತದೆ. ಡಿ.ಆರ್. ನಾಗರಾಜ್ ಇದನ್ನು ಬಡವರ ನಗು ಎಂದು ಗುರುತಿಸಿದ್ದರು. ಅದಕ್ಕೆ ನಾನು ಸೇರಿಸುವುದು ಇಷ್ಟು: ಅವಮಾನವನ್ನು ನೆನೆಯುವುದೆಂದರೆ ಇನ್ನೊಂದು ಸಲ ಅವಮಾನ ಪಡುವುದೇ. ಆ ಎರಡನೇ ಪೆಟ್ಟು ಬೀಳದ ಹಾಗೆ ನೆನೆಯಲು ಈ ಲೇಖಕರು ಕಂಡುಕೊಂಡ ದಾರಿ ನಗು. ಮುಂದಿನ ಭಾಗಗಳಲ್ಲಿ ಈ ನಗು ತೆಳ್ಳಗಾಗುತ್ತದೆ. ಹೆಸರಾಂತರು, ಸಭೆ, ಪ್ರವಾಸ ಹೆಚ್ಚಾಗಿ ಪ್ರಸಂಗಗಳು ಪೋಣಿಸಿದ ಹಾಗಿವೆ; ಕೇರಿ ದೂರವಾಗುತ್ತದೆ.

ಬದುಕಿನಲ್ಲೂ ಹಾಗೇ ಆಯಿತೆಂದು ಸಂಗಾತಿಗಳು ದೂರಿದರು. ಎರಡು ಅವಧಿಗೆ ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಮರಣಾನಂತರ ಪದ್ಮಶ್ರೀಯೂ ಬಂತು. ದೂರು ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಬೀದಿಯಲ್ಲಿದ್ದಾಗಿನ ಅವರ ದನಿಯ ಹರಿತ ಆಮೇಲಿನ ಪದ್ಯಗಳಲ್ಲಿ ಇಲ್ಲ. ಆದರೆ ಜಾರ್ ಆಡಳಿತ ಗಡೀಪಾರು ಮಾಡಿದ ಶೆವ್ಚೆಂಕೊನಿಗೂ 1860ರಲ್ಲಿ ಅದೇ ಸಾಮ್ರಾಜ್ಯದ ಕಲಾ ಅಕಾಡೆಮಿ ಬಿರುದು ಕೊಟ್ಟಿತು. ಅವನು ತೆಗೆದುಕೊಂಡ. ಮರುವರ್ಷ, ಸಾಯುವ ಮುನ್ನ, ಭಾನುವಾರದ ಶಾಲೆಗಳಿಗೆಂದು ತನ್ನ ಭಾಷೆಯ ಅಕ್ಷರಮಾಲೆಯ ಪುಸ್ತಕವೊಂದನ್ನು ಹೊರತಂದ. ಅವನ ಕಾವ್ಯದಷ್ಟೇ ಆ ಪುಟ್ಟ ಪುಸ್ತಕವೂ ಅವನದೇ. ಸಿದ್ಧಲಿಂಗಯ್ಯನವರ ‘ಸದನದಲ್ಲಿ ಸಿದ್ಧಲಿಂಗಯ್ಯ’ ಸಂಪುಟಗಳನ್ನು ಹಾಗೇ ಓದಬೇಕು. ಕೇರಿಯ ಸಂಗತಿಗಳನ್ನು ಸರ್ಕಾರದ ಕಿವಿಗೆ ಮುಟ್ಟಿಸುವ ಆ ಮಾತುಗಳಲ್ಲಿ ‘ಊರು ಕೇರಿ’ಯ ಕಥೆಗಾರ ಕಾಣುತ್ತಾನೆ. ಗ್ರಾಮದೇವತೆಗಳ ಮೇಲಿನ ಅವರ ಸಂಶೋಧನೆ, ‘ಅವತಾರಗಳು’ ಪ್ರಬಂಧಗಳು ಕೂಡ ಚಳವಳಿಯಿಂದ ಹಿಂದೆ ಸರಿದ ಗುರುತಲ್ಲ. ವಿಚಾರವಾದಿಯಾಗಿದ್ದುಕೊಂಡೇ ತನ್ನ ಜನ ಯಾವ ದೇವರ ಮುಂದೆ ಜಗಳ ಆಡುತ್ತಾರೆ, ಯಾವ ದೇವರನ್ನು ಗದರಿಸುತ್ತಾರೆ ಎಂದು ಹೋಗಿ ಕೂತು ಕೇಳುವ ವ್ಯವಧಾನ ಎಷ್ಟು ಕ್ರಾಂತಿಕಾರಿಗಳಿಗಿತ್ತು? ಸಿನಿಮಾಕ್ಕೆ ಬರೆದ ಪ್ರೇಮಗೀತೆಗಳ ಬಗ್ಗೆಯೂ ಮುಜುಗರ ಬೇಡ. ಕೇರಿಯ ಹುಡುಗ ಸಿಟ್ಟಾಗುವುದಕ್ಕೆ ಮಾತ್ರ ಹುಟ್ಟಿದವನೇನೂ ಅಲ್ಲ.

ನನಗೆ ನಿಜವಾಗಿ ಕಳವಳವಾಗುವುದು ಬೇರೆ. ಹಾಡುಗಳನ್ನು ಅಚ್ಚು ಹಾಕಿದ ಪುಸ್ತಕಗಳಲ್ಲಿ ಧಾಟಿ ಇಲ್ಲ. ಎಪ್ಪತ್ತರ ದಶಕದಲ್ಲಿ ತಮಟೆಯ ಹಿಂದೆ ಹಾಡಿದ ಹುಡುಗರಿಗೆ ಈಗ ಎಪ್ಪತ್ತು ದಾಟುತ್ತಿದೆ. ಕ್ಯಾಸೆಟ್ಟು, ವೇದಿಕೆಗಳಲ್ಲಿ ಹಾರ್ಮೋನಿಯಂ ಜೊತೆ ಸರಿಪಡಿಸಿಕೊಂಡು ಬಂದ ಒಂದು ಧಾಟಿ ಎಲ್ಲೆಡೆ ಸಿಗುತ್ತದೆ. ಕೋಲಾರದ ಊರೊಂದರಲ್ಲಿ ಹೇಗೆ ಹಾಡಿದರು, ಭದ್ರಾವತಿಯಲ್ಲಿ ಹೇಗೆ, ಶ್ರೀರಾಮಪುರದ ಗಲ್ಲಿಯಲ್ಲಿ ಹೇಗೆ? ಯಾರಾದರೂ ಊರೂರಿಗೆ ಹೋಗಿ ಆ ದನಿಗಳನ್ನು ಹಿಡಿದಿಡಬೇಕು. ಈ ಕವಿಯ ಮೂಲಪ್ರತಿ ಇರುವುದು ಅಲ್ಲಿ.

ಹೋದ ಏಪ್ರಿಲ್ 14ರ ಸಂಜೆ ಸುಂಕದಕಟ್ಟೆಯ ಟೀ ಅಂಗಡಿಯ ಮುಂದೆ ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಸಿಕ್ಕಿದ್ದರು. ಮಾತಿಗೆ ಮಾತು ಬಂದು 1947ರ ಸ್ವಾತಂತ್ರ್ಯವನ್ನು ಪ್ರಶ್ನಿಸುವ ಆ ಹಾಡು ಶುರು ಮಾಡಿದರು. ಲೋಟ ಕೆಳಗಿಟ್ಟು, ಬೆಂಚಿನ ತಗಡಿನ ಮೇಲೆ ಎರಡು ಬೆರಳಲ್ಲಿ ತಾಳ. ನಾನು ಕೇಳಿದ್ದ ಧಾಟಿ ಅದಲ್ಲ; ಇನ್ನೂ ನಿಧಾನ, ಸಾಲಿನ ಕೊನೆಯನ್ನು ಎಳೆದು ಥಟ್ಟನೆ ಬಿಡುತ್ತಿದ್ದರು. ನಡುವೆ ಒಂದು ನುಡಿಯಲ್ಲಿ ಅವರು ಕೆಲಸ ಮಾಡಿದ ಗಿರಣಿಯ ಹೆಸರು ಬಂತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಆ ನುಡಿ ಅದರಲ್ಲಿಲ್ಲ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದುಕೊಂಡೆ.