ಕಲ್ಯಾಣಕಾರಕದ ನೇತ್ರರೋಗಪ್ರಕರಣ: ಪಾಠ ಮತ್ತು ಪರಿಭಾಷೆ

ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುತ್ತ ಶಾಲಾಕ್ಯತಂತ್ರವನ್ನು ಪೂಜ್ಯಪಾದರಿಗೂ ಶಲ್ಯತಂತ್ರವನ್ನು ಪಾತ್ರಸ್ವಾಮಿಗಳಿಗೂ ಸಲ್ಲಿಸಿದ್ದಾರೆ. ಕಣ್ಣು, ಕಿವಿ, ಮೂಗು, ಶಿರಸ್ಸುಗಳ ರೋಗಗಳು ಶಾಲಾಕ್ಯಕ್ಕೆ ಸೇರಿದುವಾದುದರಿಂದ ಜೈನ ವೈದ್ಯಪರಂಪರೆಯಲ್ಲಿ ನೇತ್ರಚಿಕಿತ್ಸೆಗೆ ಪ್ರತ್ಯೇಕವಾದ ಗುರುಪರಂಪರೆಯೇ ಇದ್ದಿತೆಂಬುದು ಇದರಿಂದ ವಿದಿತವಾಗುತ್ತದೆ. ಪೂಜ್ಯಪಾದರು ಕಳೆದುಕೊಂಡ ದೃಷ್ಟಿಯನ್ನು ಶಾಂತ್ಯಷ್ಟಕದಿಂದ ಮರಳಿ ಪಡೆದರೆಂಬ ಐತಿಹ್ಯವು ಭಕ್ತಿಗೆ ವಿಷಯವೇ ಹೊರತು ಅವರ ವೈದ್ಯಕೃತಿಗೆ ಪ್ರಮಾಣವಲ್ಲ. ಇವೆರಡನ್ನು ಬೆರೆಸುವ ಅಭ್ಯಾಸವನ್ನು ವಿದ್ವಾಂಸರು ಬಿಡತಕ್ಕದ್ದು.

ಕಲ್ಯಾಣಕಾರಕವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಆ ಉಪಕಾರವು ಚಿರಸ್ಮರಣೀಯ. ಆದರೆ ಆನಂತರದ ಪ್ರಶಂಸಾಲೇಖನಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣುತ್ತವೆ.

ಮೊದಲನೆಯದು ಪರಿಭಾಷೆಯ ದೋಷ. ಸುಶ್ರುತಸಂಹಿತೆಯ ಉತ್ತರತಂತ್ರವು ನೇತ್ರರೋಗಗಳನ್ನು 76 ಎಂದೆಣಿಸಿದೆ: ಸಂಧಿಯಲ್ಲಿ 9, ವರ್ತ್ಮದಲ್ಲಿ 21, ಶುಕ್ಲಭಾಗದಲ್ಲಿ 11, ಕೃಷ್ಣಭಾಗದಲ್ಲಿ 4, ಸರ್ವಗತ 17, ದೃಷ್ಟಿಯಲ್ಲಿ 12, ಬಾಹ್ಯ 2. ವಾಗ್ಭಟನ ಗಣನೆಯಲ್ಲಿ ಇವು 94. ಈ ಹೆಸರುಗಳಿಗೆಲ್ಲ ಆಧುನಿಕ ರೋಗನಾಮಗಳನ್ನು ಒಂದಕ್ಕೊಂದಾಗಿ ಜೋಡಿಸುವುದು ಸುಲಭ; ಸಾಧುವಲ್ಲ. ಕಫಜ ಲಿಂಗನಾಶವನ್ನು ಮೋತಿಬಿಂದು ಅಥವಾ ಕಣ್ಣಿನ ಪೊರೆ ಎನ್ನುವುದು ಬಹುಮಟ್ಟಿಗೆ ಯುಕ್ತ. ಅಧಿಮಂಥವನ್ನು ಗ್ಲಾಕೋಮಾ ಎನ್ನುವಾಗ ತೀವ್ರವೇದನೆಯ ಸಾಮ್ಯವಷ್ಟೇ ಆಧಾರ. ವೇದನೆಯಿಲ್ಲದೆ ಮೆಲ್ಲನೆ ದೃಷ್ಟಿಯನ್ನು ಕಸಿಯುವ ಗ್ಲಾಕೋಮಾ ಅದರಲ್ಲಿ ಅಡಕವಾಗದು. ಇನ್ನು ನಕುಲಾಂಧ್ಯ, ಹ್ರಸ್ವಜಾಡ್ಯ, ಗಂಭೀರಿಕೆಗಳಂಥ ವಿರಳರೋಗಗಳಿಗೆ ಲಕ್ಷಣವನ್ನಷ್ಟೇ ಕೊಟ್ಟು ನಿಲ್ಲುವುದು ಅನುವಾದಕನ ಧರ್ಮ.

ಚಿಕಿತ್ಸೆಯಲ್ಲಿಯೂ ಇದೇ ವಿವೇಕ ಬೇಕು. ಸುಶ್ರುತೋಕ್ತ ವಿಧಿಯಲ್ಲಿ ಶಲಾಕೆಯಿಂದ ಪೊರೆಗಟ್ಟಿದ ಭಾಗವನ್ನು ದೃಷ್ಟಿಪಥದಿಂದ ಸರಿಸುತ್ತಾರೆ. ಇಂದಿನ ಶಸ್ತ್ರಕ್ರಿಯೆಯಲ್ಲಿ ಮಬ್ಬಾದ ಮಸೂರವನ್ನು ಹೊರತೆಗೆದು ಕೃತಕ ಮಸೂರವನ್ನು ಇರಿಸುತ್ತಾರೆ. ಇವೆರಡೂ ಒಂದೇ ಎಂದು ಹೇಳಿದರೆ ಪ್ರಾಚೀನರಿಗೂ ನ್ಯಾಯವಾಗದು, ರೋಗಿಗೂ ಹಿತವಾಗದು.

ಎರಡನೆಯ ದೋಷವು ಇನ್ನೂ ಗುರುತರವಾದುದು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದುದೇ ಕಲ್ಯಾಣಕಾರಕದ ಹೆಗ್ಗಳಿಕೆಯೆಂದು ಸಾರಿ ಅಲ್ಲಿಗೆ ಮುಗಿಸುವುದು ವಾಡಿಕೆಯಾಗಿದೆ. ನೇತ್ರಪ್ರಕರಣದಲ್ಲಿ ಈ ವರ್ಜನದ ಭಾರ ಎಷ್ಟೆಂಬುದನ್ನು ಗಮನಿಸಬೇಕು. ಸುಶ್ರುತನ ಅಂಜನಯೋಗಗಳಲ್ಲಿ ಮಧುವು ಪದೇ ಪದೇ ಬರುತ್ತದೆ. ನಕ್ತಾಂಧ್ಯಕ್ಕೆ ಅವನು ಮೇಕೆಯ ಯಕೃತ್ತನ್ನು ಹಿಪ್ಪಲಿಯೊಡನೆ ವಿಧಿಸುತ್ತಾನೆ. ಇರುಳುಗುರುಡಿಗೆ ಎ ಜೀವಸತ್ವದ ಕೊರತೆ ಒಂದು ಮುಖ್ಯ ಕಾರಣವೆಂದೂ ಯಕೃತ್ತಿನಲ್ಲಿ ಅದು ಹೇರಳವೆಂದೂ ಈಗ ತಿಳಿದಿದೆ. ಅಂದರೆ ಸುಶ್ರುತನ ಯೋಗ ನಿಷ್ಫಲವಾದುದಲ್ಲ. ಅದನ್ನು ಒಪ್ಪಿಕೊಂಡೇ ಜೈನವೈದ್ಯದ ಸಮರ್ಥನೆ ನಡೆಯಬೇಕು. ತುಪ್ಪದಲ್ಲಿ ಆ ಸತ್ವವುಂಟು. ಹಸಿರುಸೊಪ್ಪುಗಳಲ್ಲಿ ಅದರ ಪೂರ್ವರೂಪವುಂಟು. ಆದುದರಿಂದ ಅಹಿಂಸಾಮಾರ್ಗವು ರೋಗಿಯನ್ನು ಕತ್ತಲೆಯಲ್ಲಿ ಬಿಡಬೇಕಾಗಿಲ್ಲ. ನೃಪತುಂಗನ ಸಭೆಯಲ್ಲಿ ಮಾಂಸವನ್ನು ನಿರಾಕರಿಸಿ ವಾದಿಸಿದ ಆಚಾರ್ಯರ ಪಕ್ಷವು ಎದುರುಪಕ್ಷವನ್ನು ಮರೆಮಾಡುವುದರಿಂದ ಬಲಗೊಳ್ಳುವುದಿಲ್ಲ.

ಇಲ್ಲಿಯೇ ಪಾಠಸಂಶೋಧನೆಯ ಪ್ರಶ್ನೆ ಏಳುತ್ತದೆ. ತಾಡವಾಲೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಗುರುತು ಅನೇಕ ವೇಳೆ ಬಿಟ್ಟುಹೋಗಿರುವುದರಿಂದ ‘ಮದ್ಯ’, ‘ಮಧ್ಯ’ಗಳು ಒಂದಾಗಿ ತೋರಬಹುದು. ‘ಮಧುಕ’ವೆಂದರೆ ಜ್ಯೇಷ್ಠಮಧು, ಛಂದಸ್ಸಿನ ಇಕ್ಕಟ್ಟಿನಲ್ಲಿ ಅದು ‘ಮಧು’ವಾಗಿ ಓದಲ್ಪಡುವ ಅಪಾಯವುಂಟು. ಅಂಥ ಎಡೆಯಲ್ಲಿ ಸಿದ್ಧಾಂತಕ್ಕೆ ಅನುಕೂಲವೆಂದು ಪಾಠವನ್ನು ತಿದ್ದುವುದೂ ತಪ್ಪು, ಅನ್ಯತಂತ್ರದ ಸಾಮ್ಯದಿಂದ ಜೇನನ್ನು ತಂದಿಡುವುದೂ ತಪ್ಪು. ಛಂದಸ್ಸು, ದ್ರವ್ಯಗಣ, ಪ್ರತ್ಯಂತರ ಈ ಮೂರರ ಸಾಕ್ಷ್ಯ ಕೂಡಿದಲ್ಲಿ ಮಾತ್ರ ಪಾಠವನ್ನು ನಿರ್ಣಯಿಸಿ, ಉಳಿದೆಡೆ ಪಾಠಾಂತರವನ್ನು ಅಡಿಯಲ್ಲಿ ಕಾಣಿಸುವುದೇ ಸಂಪಾದಕನಿಗೆ ಸತ್ಯವ್ರತ.

ಹಸ್ತಪ್ರತಿಯ ಒಂದು ಅಕ್ಷರದಿಂದ ಔಷಧದ ದ್ರವ್ಯವೇ ಬದಲಾಗುತ್ತದೆ. ಆ ಔಷಧವನ್ನು ಹಾಕುವುದು ಕಣ್ಣಿಗೆ. ಸ್ರೋತೋಂಜನದಂಥ ಖನಿಜಗಳನ್ನು ಗ್ರಂಥ ನೋಡಿ ತಾವೇ ಪ್ರಯೋಗಿಸುವವರಿಗೆ ಈ ಎಚ್ಚರಿಕೆ ಇಮ್ಮಡಿಯಾಗಿ ಸಲ್ಲುತ್ತದೆ. ಸೀಸದ ಅಂಶವಿರುವ ಅಂಜನಗಳು ಹಾನಿಕರವೆಂಬುದು ಇಂದು ನಿರ್ವಿವಾದ. ಕಲ್ಯಾಣಕಾರಕಕ್ಕೆ ಸಲ್ಲಬೇಕಾದ ಗೌರವವು ಹೊಗಳಿಕೆಯಿಂದಲ್ಲ, ಪ್ರತಿಗಳನ್ನು ತಾಳೆನೋಡಿ ಸಿದ್ಧಪಡಿಸಿದ ಪರಿಷ್ಕರಣದಿಂದ ಸಲ್ಲುವುದು.